ಎಣ್ಣೆ ಹಾಕಿದ ಗಾಡಿ

ಅನಂತರಾಜು ಅವತ್ತು ‘ಟೂ-ಟಿ ಆಯಿಲ್’ ಅಂದುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ‘ಎಣ್ಣೆ’ ಅಂದ. ಅಲ್ಲಿಂದ ಎಲ್ಲ ಶುರುವಾಯಿತು.

ಹಳೇ ಕಾಲದ ಟೂ ಸ್ಟ್ರೋಕ್ ಬೈಕುಗಳಿಗೆ ಪೆಟ್ರೋಲಿನ ಜೊತೆ ಅಳತೆಯಾಗಿ ಎಣ್ಣೆ ಬೆರೆಸಿ ಹುಯ್ಯಬೇಕು, ಇಲ್ಲದಿದ್ದರೆ ಇಂಜಿನ್ ಕಚ್ಚಿಕೊಂಡು ನಿಂತುಬಿಡುತ್ತದೆ. ಇದು ಈಗಿನವರಿಗೆ ಗೊತ್ತಿಲ್ಲ. ಅನಂತರಾಜುವಿಗೆ ಚೆನ್ನಾಗಿ ಗೊತ್ತು. ಅವನ ಎಂಬತ್ತೆರಡನೇ ಇಸವಿಯ ಯೆಜ್ಡಿ ಹದಿನಾಲ್ಕು ವರ್ಷ ಮೆಟ್ಟಿಲ ಕೆಳಗೆ ಹಳೇ ಬೆಡ್‌ಶೀಟು ಹೊದ್ದು ಮಲಗಿತ್ತು. ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಿಚ್ಚಿ, ಉಜ್ಜಿ, ಮತ್ತೆ ಜೋಡಿಸಿ ಅದಕ್ಕೆ ಜೀವ ಬರಿಸಿದ್ದ. ನಾಳೆ ಬೆಳಗ್ಗೆ ಆರಕ್ಕೆ ತುಮಕೂರಿನ ಆರು ಹಳೇ ಬೈಕುಗಳು ಕನ್ಯಾಕುಮಾರಿಗೆ ಹೊರಡುವುದಿತ್ತು. ಆರನೆಯದು ಇವನದು.

ಹೊರಡುವುದೇನೋ ಸರಿ, ಆದರೆ ತಂಡದ ಯಜಮಾನ ರೇಣುಕಾಪ್ರಸಾದ್ ಒಂದು ಕಂಡೀಷನ್ ಹಾಕಿದ್ದ. ಇವತ್ತು ಸಾಯಂಕಾಲ ನಾಲ್ಕಕ್ಕೆ ಪ್ರತಿ ಗಾಡಿಯೂ ಎಲ್ಲೂ ನಿಲ್ಲದೆ ದೇವರಾಯನದುರ್ಗದ ಬೆಟ್ಟ ಹತ್ತಬೇಕು. ನಡುವೆ ನಿಂತ ಗಾಡಿ ಟೂರಿಗಿಲ್ಲ. ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ಅನಂತರಾಜು ಮೊದಲ ಸಲ ಹತ್ತು ದಿನ ರಜೆ ಕೇಳಿದ್ದ. ಅವನು ಗುಮಾಸ್ತನಾಗಿದ್ದ ಕಾಲೇಜಿನ ಪ್ರಿನ್ಸಿಪಾಲರು ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿ ಸಹಿ ಹಾಕಿದ್ದರು. ಇನ್ನೊಮ್ಮೆ ಕೇಳುವ ಧೈರ್ಯ ಅವನಿಗೂ ಇರಲಿಲ್ಲ, ಕೊಡುವ ಶಕ್ತಿ ಅವರಿಗೂ ಇರಲಿಲ್ಲ.

ಬೆಳಗ್ಗೆ ಒಂಬತ್ತಕ್ಕೆ ಸದಾಶಿವನಗರದ ತನ್ನ ಮನೆ ಅಂಗಳದಲ್ಲಿ, ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಅನಂತರಾಜು ಒಳಗಡೆಗೆ ಕೂಗಿದ.

“ಅತ್ತೇ, ನನ್ನ ಎಣ್ಣೆ ಬಾಟ್ಲು ಎಲ್ಲಿಟ್ರಿ?”

ಅತ್ತೆ ದೊಡ್ಡಗಂಗಮ್ಮ ಕುಣಿಗಲ್ ಕಡೆಯ ಕೊತ್ತಗೆರೆಯವರು. ಅಳಿಯ ಊರಲ್ಲಿಲ್ಲದ ಹತ್ತು ದಿನ ಮಗಳು ಪ್ರಮೀಳಾಗೆ ಜೊತೆಯಾಗಿರಲಿ ಎಂದು ಬಂದಿದ್ದರು. ಅವರು ಉತ್ತರ ಕೊಡುವ ಮೊದಲೇ ಪಕ್ಕದ ಕಾಂಪೌಂಡಿನ ಮೇಲೆ ಒಂದು ತಲೆ ಎದ್ದಿತು. ಅದು ನಿವೃತ್ತ ಹೆಡ್‌ಮೇಷ್ಟ್ರು ಲಕ್ಷ್ಮೀನರಸಿಂಹಯ್ಯನವರದು. ಮದ್ಯಪಾನದ ವಿರುದ್ಧ ಅವರು ಮೂವತ್ತು ವರ್ಷ ಪ್ರಭಾತಫೇರಿ ನಡೆಸಿದವರು.

“ಏನಯ್ಯಾ ಅನಂತು! ಬೆಳಗ್ ಬೆಳಗ್ಗೇನೇ ಎಣ್ಣೆನಾ? ಅದೂ ಅತ್ತೆ ಕೈಲಿ ಕೇಳ್ತಾ ಇದೀಯ!”

“ಅಯ್ಯೋ, ಗಾಡಿಗೆ ಸಾರ್!”

“ಮೊದಮೊದ್ಲು ಎಲ್ರೂ ಇನ್ಯಾರಿಗೋ ಅಂತಾನೇ ಹೇಳೋದು,” ಎಂದರು ಮೇಷ್ಟ್ರು ಕನಿಕರದಿಂದ.

ಬಾಟ್ಲು ಕಾಂಪೌಂಡಿನ ಮೇಲೇ ಇತ್ತು. ಮೆಕ್ಯಾನಿಕ್ ಬಿಡಿ ಎಣ್ಣೆಯನ್ನು ಕೈಗೆ ಸಿಕ್ಕಿದ ಕ್ವಾರ್ಟರ್ ಬಾಟ್ಲಿಗೆ ತುಂಬಿಸಿ ಕೊಟ್ಟಿದ್ದ. ಒಳಗಿನ ಎಣ್ಣೆಯೂ ಕೆಂಪಗೆ, ಗುಂಡು ಹಾಕುವವರ ಬಾಯಲ್ಲಿ ನೀರೂರಿಸುವ ಬಣ್ಣ. ಅನಂತರಾಜು ಕೈ ತೊಳೆದು ಬರುವಷ್ಟರಲ್ಲಿ ಮೇಷ್ಟ್ರು ಅದನ್ನು ತಮ್ಮ ಕರಿಬೇವಿನ ಗಿಡದ ಬುಡಕ್ಕೆ ಕೊನೇ ಹನಿವರೆಗೂ ಬಗ್ಗಿಸಿ, ಖಾಲಿ ಬಾಟ್ಲನ್ನು ಅವನ ಕೈಗಿಟ್ಟರು.

“ನೀನು ನನ್ನ ಬೈಕೊಂಡ್ರೂ ಪರ್ವಾಗಿಲ್ಲ. ಪ್ರಮೀಳಾ ಮುಖ ನೋಡಿ ಮಾಡ್ದೆ.”

ಅನಂತರಾಜು ಬೈಯಲಿಲ್ಲ. ಅವನ ದೌರ್ಬಲ್ಯವೇ ಅದು. ಉಪಕಾರ ಮಾಡಲು ಬಂದವರ ಮೇಲೆ ರೇಗುವುದಕ್ಕೆ ಅವನಿಗೆ ಬಾಯೇ ಬರುವುದಿಲ್ಲ. ಹಾಗೆ ನೋಡಿದರೆ ಅವನ ಮಗಳಿಗೆ ಹತ್ತನೇ ಕ್ಲಾಸಿನ ಲೆಕ್ಕ ಒಂದು ಪೈಸೆ ಮುಟ್ಟದೆ ಹೇಳಿಕೊಟ್ಟವರು ಇದೇ ಮೇಷ್ಟ್ರು. “ಥ್ಯಾಂಕ್ಸ್ ಸಾರ್,” ಎಂದು ಹಲ್ಲು ಕಚ್ಚಿಕೊಂಡು ಒಳಗೆ ಬಂದ.

ಹೊಸ ಎಣ್ಣೆ ತರಬೇಕು, ಕ್ಲಚ್ ಕೇಬಲ್ಲೂ ತರಬೇಕು. ಹೊರಡುವಾಗ ಅತ್ತೆಗೆ ಹೇಳಿದ, “ಟ್ಯಾಂಕಲ್ಲಿ ಐದು ಲೀಟರ್ ಪೆಟ್ರೋಲ್ ಇದೆ. ಅದಕ್ಕೆ ಕಾಲು ಲೀಟರ್ ಎಣ್ಣೆ ಬೆರೆಸ್ಬೇಕು. ಇಲ್ದಿದ್ರೆ ಗಾಡಿ ಬೆಟ್ಟ ಹತ್ತಲ್ಲ. ತಗೊಂಡ್ ಬರ್ತೀನಿ.”

ಗುಬ್ಬಿ ಗೇಟಿನ ಹತ್ತಿರ ಅವನ ಗಾಡಿಗೆ ಹೊಂದುವ ಕೇಬಲ್ ಯಾವ ಅಂಗಡಿಯಲ್ಲೂ ಇರಲಿಲ್ಲ. ಕೊನೆಗೊಬ್ಬ ಅಂಗಡಿಯವನು ಯಾವುದೋ ಉದ್ದದ ಕೇಬಲ್ ಕತ್ತರಿಸಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡು, ಊಟಕ್ಕೆ ಹೋಗಿಬಿಟ್ಟ. ಎರಡೂವರೆಯಾದರೂ ಬರಲಿಲ್ಲ. ಅಷ್ಟರಲ್ಲಿ ಅತ್ತೆಯ ಫೋನು ಬಂತು.

“ಎಲ್ಲಿದೀಯಪ್ಪಾ?”

“ಕೇಬಲ್‌ಗೆ ಕಾಯ್ತಾ ಇದೀನಿ ಅತ್ತೆ. ಎಣ್ಣೆ ಅಂಗಡಿಗೆ ಇನ್ನೂ ಹೋಗ್ಬೇಕು.”

“ಮನೇಲಿ ಎಣ್ಣೆ ಮಡೀಕಂಡು ಅಂಗ್ಡಿಗ್ಯಾಕ್ ಹೋಯ್ತೀಯ? ನಾನ್ ಹಾಕ್ತೀನಿ ಬುಡು. ಕಾಲು ಲೀಟ್ರು ತಾನೇ?”

ಸ್ಟೋರ್ ರೂಮಿನಲ್ಲಿ ಹಳೇ ಆಯಿಲ್ ಡಬ್ಬ ಒಂದಿತ್ತಲ್ಲ, ಅದು ಅತ್ತೆ ಕಣ್ಣಿಗೆ ಬಿದ್ದಿರಬೇಕು ಎಂದುಕೊಂಡ ಅನಂತರಾಜು. ಎಪ್ಪತ್ತು ದಾಟಿದ ಹೆಂಗಸು, ಬೈಕಿನ ಹ್ಯಾಂಡಲ್ ಕೂಡ ಮುಟ್ಟಿದವರಲ್ಲ, ಅಳಿಯನ ಗಾಡಿಗಾಗಿ ಇಷ್ಟು ಯೋಚನೆ ಮಾಡುತ್ತಾರಲ್ಲ! ಅವನು ಅಲ್ಲೇ ಫುಟ್‌ಪಾತಿನ ಮೇಲೆ ಫೋನಿಗೇ ಕೈ ಮುಗಿದ. “ನಿಮ್ಮಿಂದ ತುಂಬಾ ಉಪಕಾರ ಆಯ್ತು ಅತ್ತೆ,” ಎಂದ.

ಕೊನೆಗೂ ಕೇಬಲ್ ಮಾಡಿಸಿಕೊಂಡು, ಮನೆಗೆ ಓಡಿ ಬಂದು ಸಿಕ್ಕಿಸುವ ಹೊತ್ತಿಗೆ ಮೂರೂಕಾಲು. “ನೀನು ಕಾಲು ಅಂದಿದ್ದೆ, ನಾನು ಅರ್ಧಾನೇ ಹಾಕಿದೀನಿ. ಬೆಟ್ಟ ಹತ್ತೋ ಗಾಡಿ ಅಲ್ವಾ,” ಎಂದರು ದೊಡ್ಡಗಂಗಮ್ಮ. ಅನಂತರಾಜು ಕಿಕ್ ಹೊಡೆದ. ಒಂದೇ ಏಟಿಗೆ ಯೆಜ್ಡಿ ಗುಡುಗಿತು.

ಬೆಟ್ಟದ ಬುಡದಲ್ಲಿ ಆರು ಗಾಡಿ ಸಾಲಾಗಿ ನಿಂತವು. ರೇಣುಕಾಪ್ರಸಾದ್ ಕೈ ಬೀಸಿದ. ಮೊದಲ ತಿರುವಿನಲ್ಲೇ ಅನಂತರಾಜುವಿಗೆ ಏನೋ ವ್ಯತ್ಯಾಸ ಅನಿಸಿತು. ಗಾಡಿ ಕೆಮ್ಮುತ್ತಿಲ್ಲ, ತಡವರಿಸುತ್ತಿಲ್ಲ, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಗುತ್ತಿದೆ. ಜೊತೆಗೊಂದು ಘಮಘಮ. ದೇವಸ್ಥಾನದ ಮೆಟ್ಟಿಲ ಹಾದಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿದ್ದ ಭಕ್ತೆಯೊಬ್ಬಳು ಮೂಗರಳಿಸಿ ಪಕ್ಕದವಳನ್ನು ಎಬ್ಬಿಸಿದಳು.

“ಮೇಲೆ ಏನೋ ಕರೀತಾವ್ರೆ ಕಣೇ. ಬಿರ್ರನೆ ನಡಿ, ಪ್ರಸಾದ ಮುಗ್ದೋಯ್ತದೆ!”

ಮೂರನೇ ತಿರುವಿನಿಂದ ಎರಡು ಕೋತಿಗಳೂ ಹಿಂಬಾಲಿಸಿದವು. ಅನಂತರಾಜು ಎಲ್ಲೂ ನಿಲ್ಲದೆ, ಎಲ್ಲರಿಗಿಂತ ಮೊದಲು ಮೇಲೆ ಬಂದ. ಉಳಿದ ಐವರು ಹೇಗೋ ಕೆಮ್ಮಿಕೊಂಡು, ಕಪ್ಪು ಹೊಗೆ ಕಾರಿಕೊಂಡು ಒಬ್ಬೊಬ್ಬರಾಗಿ ತಲುಪಿದರು. ರೇಣುಕಾಪ್ರಸಾದ್ ಗಾಡಿ ನಿಲ್ಲಿಸಿದವನೇ ಯೆಜ್ಡಿಯ ಸೈಲೆನ್ಸರಿಗೆ ಮೂಗಿಟ್ಟ.

“ಅನಂತೂ, ನಿಜ ಹೇಳು. ಏನ್ ಹಾಕಿದೀಯ ಇದಕ್ಕೆ?”

ಅನಂತರಾಜು ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ. ಮನೆಗೆ ಫೋನ್ ಮಾಡಿದ.

“ಅತ್ತೇ, ಯಾವ ಎಣ್ಣೆ ಹಾಕಿದ್ರಿ?”

“ಇನ್ಯಾವ್ದು? ಕೊಬ್ರಿ ಎಣ್ಣೆ. ನಮ್ ತ್ವಾಟದ್ದೇ, ಗಾಣದಲ್ಲಿ ಆಡ್ಸಿದ್ದು. ಯಾಕೆ, ಕಮ್ಮಿ ಆಯ್ತಾ?”

ಈ ವಿಷಯವನ್ನು ಅವನು ಹೊಟ್ಟೆಯಲ್ಲೇ ಇಟ್ಟುಕೊಳ್ಳಬಹುದಿತ್ತು. ಆದರೆ ಅತ್ತೆಗೆ ಸಲ್ಲಬೇಕಾದ ಹೆಸರನ್ನು ತಾನು ಹೊಡೆದುಕೊಳ್ಳುವುದು ಅವನ ಜಾಯಮಾನವಲ್ಲ. ಎಲ್ಲರೆದುರು ಹೇಳಿಬಿಟ್ಟ. ಐವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಕನ್ಯಾಕುಮಾರಿವರೆಗೂ ನನ್ನ ಗಾಡಿ ಹೀಗೆ ಹೋಗೋದಾದ್ರೆ ನಿಮ್ಮತ್ತೆ ಕಾಲಿಗೆ ಬೀಳ್ತೀನಿ,” ಎಂದ ರೇಣುಕಾಪ್ರಸಾದ್.

ಬೆಟ್ಟ ಇಳಿದವರು ನೆಟ್ಟಗೆ ಸದಾಶಿವನಗರಕ್ಕೆ ಬಂದರು. ದೊಡ್ಡಗಂಗಮ್ಮ ಊರಿಂದ ತಂದಿದ್ದ ಎಣ್ಣೆ ಡಬ್ಬವನ್ನು ಅಂಗಳದಲ್ಲಿಟ್ಟು, ಪಾಯಸ ಬಡಿಸುವ ಸೌಟಿನಲ್ಲಿ ಆರು ಟ್ಯಾಂಕಿಗೂ ಧಾರಾಳವಾಗಿ ಬಡಿಸಿದರು. “ಬೇಡ” ಅಂದವರಿಗೆ ಇನ್ನೊಂದು ಸೌಟು. ಮೇಷ್ಟ್ರು ಕಾಂಪೌಂಡಿನ ಮೇಲಿಂದ, “ಕುಡಿದ್ರೂ ಮನುಷ್ಯ ಹಾಳಾಗದ ಎಣ್ಣೆ ಅಂದ್ರೆ ಇದು,” ಎಂದು ಸರ್ಟಿಫಿಕೇಟು ಕೊಟ್ಟರು. ಗಾಡಿಗಳನ್ನು ಅಂಗಳದಲ್ಲೇ ಸಾಲಾಗಿ ನಿಲ್ಲಿಸಿ ಎಲ್ಲರೂ ಮನೆಗೆ ಹೋದರು. ಅನಂತರಾಜು ಆ ಸಾಲನ್ನು ನೋಡುತ್ತ ಬಾಗಿಲಲ್ಲಿ ನಿಂತ. ಇಷ್ಟು ಜನ ತನಗಾಗಿ ಇಷ್ಟೆಲ್ಲ ಮಾಡಿದರಲ್ಲ, ತಾನು ಯಾವ ಜನ್ಮದಲ್ಲಿ ಏನು ಪುಣ್ಯ ಮಾಡಿದ್ದೆನೋ ಎಂದು ಅವನ ಕಣ್ಣು ನಿಜವಾಗಿಯೂ ತುಂಬಿ ಬಂತು.

ಧನುರ್ಮಾಸದ ಬೆಳಗು. ಬೀದಿ ತುಂಬ ಮಂಜು. ಪ್ರಮೀಳಾ ನಾಲ್ಕಕ್ಕೇ ಎದ್ದು ಆರು ಜನಕ್ಕೂ ಚಪಾತಿ, ಪಲ್ಯ ಕಟ್ಟಿದ್ದಳು. ಮೇಷ್ಟ್ರು ಬಾವುಟವಿಲ್ಲದೆ ಹಸಿರು ಟವೆಲ್ ಹಿಡಿದು ಗೇಟಿನಲ್ಲಿ ನಿಂತಿದ್ದರು. ಆರು ಜನ ಹೆಲ್ಮೆಟ್ ಹಾಕಿ, ಲಗೇಜು ಕಟ್ಟಿ, ಕೈ ಮುಗಿದು ಕಿಕ್ ಹೊಡೆದರು. ಒಂದೂ ಗಾಡಿ ಸ್ಟಾರ್ಟ್ ಆಗಲಿಲ್ಲ.

ಮತ್ತೆ ಹೊಡೆದರು. ತಳ್ಳಿದರು. ಬೀದಿಯ ಆ ತುದಿಗೆ ತಳ್ಳಿಕೊಂಡು ಹೋಗಿ ಈ ತುದಿಗೆ ತಳ್ಳಿಕೊಂಡು ಬಂದರು. ಏಳು ಗಂಟೆಯಾಯಿತು. ಮೇಷ್ಟ್ರು ಟವೆಲನ್ನು ಎಡಗೈಗೆ ಬದಲಾಯಿಸಿದರು. ರೇಣುಕಾಪ್ರಸಾದ್ ತನ್ನ ಗಾಡಿಯ ಪೆಟ್ರೋಲ್ ಪೈಪು ಕಿತ್ತ. ಒಂದು ಹನಿಯೂ ಬೀಳಲಿಲ್ಲ. ಪೈಪನ್ನು ಹಿಸುಕಿದ. ಪೇಸ್ಟಿನ ಹಾಗೆ ಬೆಳ್ಳಗೆ ಒಂದು ಬತ್ತಿ ನಿಧಾನಕ್ಕೆ ಹೊರಗೆ ಬಂತು.

“ಆರೂ ಗಾಡಿ ಕಾರ್ಬ್ಯುರೇಟರ್ ಬಿಚ್ಬೇಕು, ಟ್ಯಾಂಕ್ ತೊಳೀಬೇಕು,” ಎಂದ ಅವನು ಸತ್ತ ದನಿಯಲ್ಲಿ. “ವಾರ ಬೇಕು. ಟೂರು ಇನ್ನು ಬೇಸಿಗೆಗೇ.”

ಬೇಸಿಗೆಗೆ ಅನಂತರಾಜುವಿಗೆ ರಜೆ ಇರಲಿಲ್ಲ. ಇದ್ದ ಹತ್ತು ದಿನದಲ್ಲಿ ಮೊದಲನೆಯದು ಆಗಲೇ ಶುರುವಾಗಿತ್ತು. ಐವರೂ ಅವನ ಕಡೆ ತಿರುಗಿದರು. ಅವನು ಚಪಾತಿ ಗಂಟು ಎದೆಗವಚಿಕೊಂಡು ನಿಂತಿದ್ದ.

ಆ ಹೊತ್ತಿಗೆ ದೊಡ್ಡಗಂಗಮ್ಮ ಶಾಲು ಹೊದ್ದು ಕಾಫಿ ತಟ್ಟೆ ಹಿಡಿದು ಬಂದರು. ಪೈಪಿನಿಂದ ಇಳಿದ ಬಿಳೀ ಬತ್ತಿ ನೋಡಿ ಅವರಿಗೆ ಒಂಚೂರೂ ಆಶ್ಚರ್ಯವಾಗಲಿಲ್ಲ.

“ಚಳೀಲಿ ಕೊಬ್ರಿ ಎಣ್ಣೆ ಗಟ್ಟಿ ಆಗ್ದೆ ಇನ್ನೇನ್ ಆಯ್ತದೆ? ಇಷ್ಟ್ ಹೊತ್ತಾರೆ ಹೊರಡ್ತೀವಿ ಅಂತ ನಂಗ್ಯಾರ್ ಹೇಳಿದ್ರು? ದಿನಾ ಬೆಳಗ್ಗೆ ತಲೆಗೆ ಎಣ್ಣೆ ಹಚ್ಕಳೋ ಗಂಡಸ್ರು, ಆರು ಜನದಲ್ಲಿ ಒಬ್ಬನಿಗಾದ್ರೂ ಇದು ಗೊತ್ತಿರ್ಬೇಡ್ವೇನ್ರಪ್ಪಾ?”

ತಳ್ಳಿ ತಳ್ಳಿ ಬೆವೆತುಹೋಗಿದ್ದ ಆರೂ ಜನ ಕಾಫಿ ಕುಡಿಯಲೆಂದು ಹೆಲ್ಮೆಟ್ ತೆಗೆದರು. ಆರು ಬೋಳು ತಲೆಗಳು ಎಳೆಬಿಸಿಲಿಗೆ ಫಳಫಳ ಹೊಳೆದವು.

ದೊಡ್ಡಗಂಗಮ್ಮ ಈ ತುದಿಯಿಂದ ಆ ತುದಿಯವರೆಗೆ ಒಂದೊಂದನ್ನೂ ನೋಡಿದರು.

“ತಪ್ಪು ನಂದೇ ಬುಡ್ರಪ್ಪಾ,” ಎಂದು ತಟ್ಟೆ ಮುಂದೆ ಹಿಡಿದರು.