ರೋಮಿನಲ್ಲಿ ಶುಕ್ರವಾರದ ಭಾನುವಾರ

ಇವತ್ತು ಯಾವ ವಾರ ಎಂದು ಯಾರಾದರೂ ತಟ್ಟನೆ ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲ. ಇದು ವಯಸ್ಸಿನ ಮರೆವಲ್ಲ, ಬಹರೈನಿನ ಮಹಿಮೆ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಬೆಳಿಗ್ಗೆ ಎಲ್ಲರೂ ಸೋಮವಾರದ ಮುಖ ಹೊತ್ತುಕೊಂಡು ಕೆಲಸಕ್ಕೆ ಹೊರಡುತ್ತಾರೆ. ನಮ್ಮಂಥ ಮಂಗಳೂರಿನ ಕ್ರೈಸ್ತರ ಗೊಂದಲವಂತೂ ಇನ್ನೂ ಒಂದು ಕೈ ಹೆಚ್ಚು. ಭಾನುವಾರ ಬಿಡುವಿಲ್ಲದ ಕಾರಣ ಭಾನುವಾರದ ಪೂಜೆಯನ್ನು ನಾವು ಶುಕ್ರವಾರವೇ ಇಗರ್ಜಿಯಲ್ಲಿ ಮುಗಿಸುತ್ತೇವೆ. ಆದರೂ ಅದಕ್ಕೆ ಹೆಸರು ಭಾನುವಾರದ ಪೂಜೆಯೇ. ಆಮೇಲೆ ಭಾನುವಾರದ ಊಟ. ಊರಿನಲ್ಲಿ ಶುಕ್ರವಾರ ಮಾಂಸ ಮುಟ್ಟದ ನನ್ನ ಅತ್ತೆ ಒಮ್ಮೆ ಬುಸೈತೀನಿನ ನಮ್ಮ ಫ್ಲಾಟಿಗೆ ಬಂದಿದ್ದಾಗ, ಕೋಳಿ ಸುಕ್ಕದ ತಟ್ಟೆ ಮುಂದಿಟ್ಟುಕೊಂಡು, "ಇದು ಭಾನುವಾರದ ಊಟವಾ, ಶುಕ್ರವಾರದ ಪಾಪವಾ?" ಎಂದು ಕೇಳಿದ್ದರು. ಕೇಳಿ, ಎರಡು ಸಲ ಬಡಿಸಿಕೊಂಡರು.

ನಾವು ರೋಮಿಗೆ ಹೋಗುತ್ತೇವೆಂದು ತಿಳಿದದ್ದೇ ತಡ, ಅತ್ತೆ ಊರಿಂದ ಬರುವವರ ಕೈಯಲ್ಲಿ ತಮ್ಮ ಹಳೆಯ ಜಪಮಾಲೆ ಕಳಿಸಿಕೊಟ್ಟರು. ಅವರು ನನ್ನನ್ನು ಕರೆಯುವುದು ಕೊಂಕಣಿಯಲ್ಲಿ 'ಪುತಾ', ಎಂದರೆ ಮಗನೇ ಎಂದು. "ಪುತಾ, ಮುಂದಿನ ತಿಂಗಳು ನನ್ನ ಕಣ್ಣಿನ ಆಪರೇಶನ್ ಉಂಟು. ಪೋಪ್ ಭಾನುವಾರ ಮಧ್ಯಾಹ್ನ ಕಿಟಕಿಯಲ್ಲಿ ನಿಂತು ಆಶೀರ್ವಾದ ಕೊಡ್ತಾರಂತಲ್ಲ, ಆಗ ಇದನ್ನು ಎತ್ತಿ ಹಿಡಿ. ಮತ್ತೆ ನನಗೆ ಹೆದರಿಕೆ ಇಲ್ಲ," ಎಂದು ಫೋನಿನಲ್ಲಿ ಹೇಳಿದರು. ಹೆಂಡತಿ ಲವೀನಾ ಸಲ್ಮಾನಿಯಾದ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಡ್ಯೂಟಿಯಿಂದ ಪುರುಸೊತ್ತಿಲ್ಲ. ಹಾಗಾಗಿ ಪ್ರವಾಸದ ಇಡೀ ಜವಾಬ್ದಾರಿಯನ್ನು ನಾನೇ ಮೈಮೇಲೆ ಎಳೆದುಕೊಂಡೆ. ಭಾನುವಾರ ಇಬ್ಬರೂ ಕೆಲಸಕ್ಕೆ ಹಾಜರಾಗಬೇಕು, ಆದ್ದರಿಂದ ಶನಿವಾರ ವಾಪಸ್. ಪೋಪರ ಆಶೀರ್ವಾದ ಶುಕ್ರವಾರ ಮಧ್ಯಾಹ್ನ. ಇದರಲ್ಲಿ ತಪ್ಪು ಎಲ್ಲಿದೆಯೆಂದು ನನಗಾಗಲಿ ಅವಳಿಗಾಗಲಿ ಕಾಣಲೇ ಇಲ್ಲ.

ರೋಮಿನಲ್ಲಿ ಮೊದಲ ದಿನದಿಂದಲೇ ನನ್ನ ತಲೆ ಗಿರ್ರೆನ್ನುತ್ತಿತ್ತು. ತಿರುಗಿದಲ್ಲೆಲ್ಲ ಗುಮ್ಮಟ, ಕಂಬ, ಕಲ್ಲಿನ ಕುದುರೆ. ಒಂದು ಭಾರೀ ಬಿಳಿ ಕಟ್ಟಡದ ಮುಂದೆ ನಾನು ಭಕ್ತಿಯಿಂದ ಶಿಲುಬೆಯ ಗುರುತು ಮಾಡಿ ತಲೆಬಾಗಿದೆ. ಅದು ಯಾವನೋ ರಾಜನ ಸ್ಮಾರಕವಂತೆ. ಕೊಲೋಸಿಯಮ್ಮಿನ ಎದುರು ನಿಂತಾಗ, ಬಹರೈನಿನ ಅವಾಲಿಯಲ್ಲಿ ಕಟ್ಟಡಗಳ ರಿಪೇರಿ ಮಾಡಿಸುವ ನನ್ನ ಕಣ್ಣು ಸುಮ್ಮನಿರಲಿಲ್ಲ. "ಆ ಬದಿಯ ಗೋಡೆ ಯಾಕೆ ಹಾಗೇ ಬಿಟ್ಟಿದ್ದಾರೆ?" ಎಂದೆ. ಲವೀನಾ, "ನೀವು ಇಲ್ಲಿಗೆ ಕೊಟೇಶನ್ ಕೊಡ್ಲಿಕ್ಕೆ ಬಂದದ್ದಾ ಮಾರಾಯ್ರೇ?" ಎಂದಳು.

ಶುಕ್ರವಾರ ಒಳ್ಳೆಯ ಉಡುಪು ತೊಟ್ಟು, ಪೋಪರ ಅರಮನೆಯ ಮುಂದಿನ ಸಂತ ಪೇತ್ರರ ಚೌಕಕ್ಕೆ ಹೋದೆವು. ಜನ ಅಷ್ಟೇನೂ ಇರಲಿಲ್ಲ. ಒಳ್ಳೆಯ ಜಾಗ ಸಿಕ್ಕಿತೆಂದು ನನಗೆ ಒಳಗೊಳಗೇ ಹೆಮ್ಮೆ. ಆದರೆ ಕಿಟಕಿ ಯಾವುದು? ಸಾಲಾಗಿ ಎಷ್ಟೊಂದು ಕಿಟಕಿಗಳು! ಅಷ್ಟರಲ್ಲಿ ಗಂಟೆ ಬಾರಿಸಿತು, ದೂರದ ಕಟ್ಟಡವೊಂದರ ಕಿಟಕಿ ತೆರೆಯಿತು, ಬಿಳಿಯದೇನೋ ಅಲ್ಲಾಡಿತು. ನಾನು ದಡಬಡನೆ ಮೊಣಕಾಲೂರಿದೆ. ಲವೀನಾ ಜಪಮಾಲೆಯನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದಳು. ಆಮೇಲೆ ಸರಿಯಾಗಿ ನೋಡಿದರೆ, ಹೆಂಗಸೊಬ್ಬಳು ಬಟ್ಟೆ ಕೊಡವಿ ಕಿಟಕಿ ಮುಚ್ಚಿಕೊಂಡಳು.

ನಮ್ಮ ಕೊಂಕಣಿ ಕೇಳಿಸಿಕೊಂಡ ಗೋವಾದ ಸಿಸ್ಟರ್ ಒಬ್ಬರು ಹತ್ತಿರ ಬಂದು, ಏನಾಯಿತೆಂದು ವಿಚಾರಿಸಿದರು.

"ಭಾನುವಾರದ ಆಶೀರ್ವಾದಕ್ಕೆ ಕಾಯ್ತಾ ಇದ್ದೇವೆ ಸಿಸ್ಟರ್," ಎಂದೆ.

"ಹೌದಾ? ಅಷ್ಟು ಹೊತ್ತು ಇಲ್ಲೇ ನಿಲ್ತೀರಾ? ಇವತ್ತು ಶುಕ್ರವಾರ ಅಲ್ವಾ!" ಎಂದರು ಅವರು.

ಲವೀನಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಪಮಾಲೆಯನ್ನು ಮೆಲ್ಲಗೆ ಪರ್ಸಿಗೆ ಹಾಕಿಕೊಂಡು, "ಮಮ್ಮಿಗೆ ಈಗ ಎಂತ ಹೇಳುವುದು?" ಎಂದಳು. ಅವಳ ಕಣ್ಣು ತುಂಬಿತ್ತು. ಅವಳಿಗೆ ಮತ್ತೆ ರಜೆ ಸಿಗುವ ಹಾಗಿರಲಿಲ್ಲ. ನನಗೆ ನಿಜಕ್ಕೂ ಬಹಳ ಬೇಜಾರಾಯಿತು.

ಸಂಜೆ ನಾನೇ ಅತ್ತೆಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

"ಕಿಟಕಿ ತೆರೆದದ್ದು ಹೌದಲ್ಲಾ ಪುತಾ?"

"ಹೌದು ಅತ್ತೆ, ಧೂಳು ಕೊಡವ್ಲಿಕ್ಕೆ."

"ನನ್ನ ಕಣ್ಣಿಗೂ ಅದೇ ಅಲ್ವಾ ಮಾಡುವುದು?" ಎಂದು ಅತ್ತೆ ನಕ್ಕರು. "ಬರುವ ಶುಕ್ರವಾರ ಭಾನುವಾರದ ಪೂಜೆಗೆ ಹೋಗ್ತೀರಲ್ಲಾ, ನಿಮ್ಮ ಫಾದರ್ ಹತ್ರವೇ ಆಶೀರ್ವಾದ ಮಾಡಿಸಿ ಕಳಿಸು. ದೇವರಿಗೆ ನಿಮ್ಮ ಲೆಕ್ಕ ಗೊತ್ತುಂಟು."

ಹಾಗೆಯೇ ಮಾಡಿದೆವು. ಆಪರೇಶನ್ ಚೆನ್ನಾಗಿ ಆಯಿತು. ಇನ್ನು ಮುಂದೆ ವಾರದ ವಿಷಯದಲ್ಲಿ ಏಮಾರುವುದಿಲ್ಲವೆಂದು ನಾನು ಲವೀನಾಳಿಗೆ ಗಟ್ಟಿಯಾಗಿ ಮಾತು ಕೊಟ್ಟೆ.

ಮೊನ್ನೆ ಬೆಳಿಗ್ಗೆ ಎದ್ದವನು ಯೋಚಿಸಿಯೇ ಹೊರಟೆ. ನಿನ್ನೆ ಭಾನುವಾರದ ಪೂಜೆ ಮುಗಿಸಿದ್ದೇವೆ. ಅದರ ಮರುದಿನ ಸೋಮವಾರವಲ್ಲದೆ ಇನ್ನೇನು? ಇಸ್ತ್ರಿ ಮಾಡಿದ ಶರ್ಟು ತೊಟ್ಟು ಅವಾಲಿಯವರೆಗೆ ಕಾರು ಓಡಿಸಿದೆ. ಆಫೀಸಿನ ಗೇಟು ಮುಚ್ಚಿತ್ತು. "ಸಾಬ್, ಆಜ್ ಶನಿವಾರ್ ಹೈ, ಛುಟ್ಟಿ ಹೈ," ಎಂದ ಕಾವಲುಗಾರ.

ಮನೆಗೆ ಮರಳಿ ಸದ್ದಿಲ್ಲದೆ ಬೀಗ ತೆಗೆದೆ. ಲವೀನಾ ಚಹಾ ಹಿಡಿದುಕೊಂಡು ಸೋಫಾದಲ್ಲಿ ಕುಳಿತಿದ್ದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ ಕೇಳಿದಳು:

"ಎಂತ, ಕಿಟಕಿ ತೆರೆದರಾ?"