ಬಾರಿನ ಮೇಲಿನ ಮಹಡಿ

ಎಲ್ಲಕ್ಕೂ ಮೂಲ ಒಂದು ಫೋಟೊ. ಫೋಟೊಗಳಿಗೆ ಕಟ್ಟು ಹಾಕುವುದು ಅವನ ಕಸುಬು. ಬೀದಿಗೆಲ್ಲ ಅವನು ಫ್ರೇಮಣ್ಣ. ಹೆಂಡತಿಯ ಅಣ್ಣ ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದ ದಿನದ ಫೋಟೊಗೆ ಚಿನ್ನದ ಬಣ್ಣದ ಕಟ್ಟು ಹಾಕಿ, ಅವರ ಮನೆಯಲ್ಲಿ ನೆಂಟರೆಲ್ಲ ಕೂತಿರುವಾಗ ತಾನೇ ಗೋಡೆಗೆ ತಗುಲಿಸಿ ಹಿಂದೆ ಸರಿದು ನೋಡಿದ. ಫೋಟೊದಲ್ಲಿ ಭಾವ ತಲೆಕೆಳಗಾಗಿ ನಿಂತು ಎಲ್ಲರಿಗೂ ಕೈಮುಗಿಯುತ್ತಿದ್ದರು. ಸಾಲದ್ದಕ್ಕೆ "ಹೇಗಿದೆ? ಭಾವನ ಕಳೆಯೇ ಕಳೆ" ಎಂದು ಬೇರೆ ಹೇಳಿದ. ಮಿಕ್ಕದ್ದನ್ನು ಅವನ ಬಾಯಿಯ ವಾಸನೆ ಹೇಳಿತು.

ಹೆಂಡತಿ ಮಗಳೊಂದಿಗೆ ಅಣ್ಣನ ಮನೆಯಲ್ಲೇ ಉಳಿದಳು. ಮರುದಿನ ಬೆಳಿಗ್ಗೆ ಫೋನ್ ಮಾಡಿದಳು.

"ಕುಡಿತ ಬಿಡೋರ ಸಭೆ ಅಂತ ನಡೆಯುತ್ತಂತೆ. ಇವತ್ತು ಅಲ್ಲಿ ಕೂತು ಬನ್ನಿ, ಸಂಜೆ ನಿಮ್ಮ ಜೊತೇನೇ ಹೊರಡ್ತೀವಿ. ಹೋಗದಿದ್ರೆ ಇತ್ತ ಬರಲೇಬೇಡಿ."

"ಎಲ್ಲಿ ನಡೆಯುತ್ತೆ?"

"ಬಾರು ಎಲ್ಲಿದೆ ಅಂತ ಯಾರನ್ನ ಕೇಳಿ ತಿಳ್ಕೊಂಡ್ರಿ?" ಫೋನ್ ಇಟ್ಟಳು.

ಕುರ್ಚಿಯ ಮೇಲೆ ಮಗಳ ಒಂದೇ ಒಂದು ಕಾಲುಚೀಲ ಬಿದ್ದಿತ್ತು. ಅದನ್ನು ನೋಡಿ ಅವನಿಗೆ ಅಳು ಬಂತು. ಅಂಗಡಿಗೆ ಬೀಗ ಹಾಕಿ ಹೊರಟ.

ದೊಡ್ಡಾಸ್ಪತ್ರೆಯಲ್ಲಿ ಕುಡುಕರ ಸಭೆ ಎಲ್ಲಿ ಎಂದು ಪಿಸುದನಿಯಲ್ಲಿ ವಿಚಾರಿಸಿದರೆ, ಕಾವಲುಗಾರ ಅವನನ್ನು ಲಿವರ್ ಕೆಟ್ಟವರ ವಾರ್ಡಿಗೆ ಕಳಿಸಿದ. ಅಲ್ಲಿನ ನರ್ಸು ಮೇಲಿಂದ ಕೆಳಗಿನವರೆಗೆ ನೋಡಿ, "ನಿಮಗಿನ್ನೂ ಟೈಮಿದೆ, ಆಮೇಲೆ ಬನ್ನಿ" ಎಂದಳು. ಸಾಲು ಮಂಚಗಳ ಮೇಲೆ ಹಳದಿ ಕಣ್ಣುಗಳು ಅವನಿಗೆ ಜಾಗ ಕಾದಿಟ್ಟಂತೆ ನೋಡುತ್ತಿದ್ದವು.

ಹೊರಗೆ ಬಂದರೆ ಎದುರುಮನೆ ಕಂಡಕ್ಟರು! ಬೀದಿಯ ಸುದ್ದಿಗೆಲ್ಲ ಟಿಕೆಟ್ ಹರಿಯುವ ಮನುಷ್ಯ.

"ಏನ್ ಫ್ರೇಮಣ್ಣ, ಆಸ್ಪತ್ರೇಲಿ?"

"ಹಲ್ಲು... ಹಲ್ಲುನೋವು."

"ಅಯ್ಯೋ, ಹತ್ರೀ ಸ್ಕೂಟರ್! ನನ್ನ ಷಡ್ಡಕನೇ ಹಲ್ಲಿನ ಡಾಕ್ಟರು. ಇಷ್ಟೂ ಮಾಡದಿದ್ರೆ ಎದುರುಮನೆಯವನು ಅಂತ ನಾನ್ಯಾಕಿರಬೇಕು?"

ಡಾಕ್ಟರು ಒಂದೊಂದೇ ಹಲ್ಲು ತಟ್ಟಿ "ಇದಾ? ಇದಾ?" ಎಂದು ಕೇಳುತ್ತಾ ಹೋದರು. ಕಂಡಕ್ಟರು ಪಕ್ಕದಲ್ಲೇ ನಿಂತು ಬಾಯೊಳಗೆ ಇಣುಕುತ್ತಿದ್ದರು. ಬೇರೆ ದಾರಿ ಕಾಣದೆ ಅವನು ಒಂದಕ್ಕೆ ತಲೆಯಾಡಿಸಿದ. ಹುಟ್ಟಿದಾಗಿನಿಂದ ಯಾರ ತಂಟೆಗೂ ಹೋಗದಿದ್ದ ಗಟ್ಟಿ ದವಡೆಹಲ್ಲು ತಟ್ಟೆಗೆ ಬಿತ್ತು. ಆದರೆ ಇಂಜೆಕ್ಷನ್ ಕೊಡುವ ಮುಂಚೆ ಕಂಡಕ್ಟರನ್ನು ಹೊರಗೆ ಕಳಿಸಿ ಡಾಕ್ಟರು "ಕುಡೀತೀರಾ?" ಎಂದು ಕೇಳಿದ್ದರಿಂದ ಒಂದು ಲಾಭವಾಯಿತು. ಸಭೆಯ ವಿಳಾಸ ಸಿಕ್ಕಿತು.

"ನೀವು ಹೋಗೋ ಬಾರು ಅಂದ್ರಲ್ಲ, ಅದರ ಮೇಲಿನ ಮಹಡಿ. ಬಾಡಿಗೆ ಕಡಿಮೆ ಅಂತ ಅಲ್ಲೇ ಮಾಡಿದಾರೆ. ಮೆಟ್ಟಿಲು ಬಾರಿನ ಒಳಗಿಂದಾನೇ."

ಬಾರಿಗೆ ಕಾಲಿಟ್ಟೊಡನೆ ಸಪ್ಲೈಯರ್ ಮೇಜು ಒರೆಸಿದ. "ಮಾಮೂಲಾ ಅಣ್ಣ?"

ಅವನು ಮರಗಟ್ಟಿದ ಬಾಯಿ ತೆರೆಯದೆ ಮೇಲಕ್ಕೆ ಬೆರಳು ತೋರಿಸಿದ. ಸಪ್ಲೈಯರನ ಮುಖ ಬಾಡಿತು. "ನೀವೂನಾ?"

ಮೇಲೆ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಕೆಳಗಿನ ನಗು, ಗ್ಲಾಸಿನ ಸದ್ದು ಎಲ್ಲ ಕೇಳುತ್ತಿತ್ತು. ಒಬ್ಬರು ಕಣ್ಣುಮುಚ್ಚಿ ನಿಂತು, ಕೆನ್ನೆ ತೋಯಿಸಿಕೊಂಡು ಮಾತಾಡುತ್ತಿದ್ದರು. "ಮನೇಲಿ ಯಾರಿಗೂ ಗೊತ್ತಿಲ್ಲ. ವಾಕಿಂಗ್ ಅಂತ ಹೇಳಿ ಇಲ್ಲಿಗೆ ಬರ್ತೀನಿ. ನನ್ನ ತಂಗಿ ನನ್ನನ್ನ ದೇವರು ಅಂತ ತಿಳ್ಕೊಂಡಿದಾಳೆ. ಅದೊಂದು ಹೋದ್ರೆ ನಾನು ಬದುಕಲ್ಲ."

ಕಣ್ಣು ತೆರೆದರೆ ಎದುರಿಗೆ ತಂಗಿಯ ಗಂಡ. ಭಾವ ಕುಸಿದು ಕೂತರು.

ಸಭೆ ನಡೆಸುವ ಹಳೆಯ ರೈಲ್ವೆ ಗಾರ್ಡು ಹೊಸಬನಿಗೆ ನಿಯಮ ಹೇಳಿದರು. "ಇಲ್ಲಿ ಯಾರನ್ನ ನೋಡಿದ್ರಿ, ಏನು ಕೇಳಿದ್ರಿ, ಅದು ಈ ಬಾಗಿಲು ದಾಟಬಾರದು. ಮತ್ತೆ, ಹೊಸಬರಿಗೆ ಹಳಬರೊಬ್ಬರು ಜೊತೆ. ಕುಡೀಬೇಕು ಅನ್ನಿಸಿದ ಕೂಡಲೇ ಅವರಿಗೆ ಫೋನ್ ಮಾಡಿ, ಯಾವಾಗಾದ್ರೂ ಎತ್ತುತ್ತಾರೆ." ಸುತ್ತ ನೋಡಿ, ಭಾವನ ಭುಜ ತಟ್ಟಿದರು. "ಇವರೇ ನಿಮ್ಮ ಜೊತೆಗಾರರು."

ಭಾವ ತಲೆ ಎತ್ತಲಿಲ್ಲ. ಆದರೆ ಅವನಿಗೆ ಮಾತ್ರ ಒಳಗೊಳಗೇ ಹಿಗ್ಗು. ಹೆಂಡತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಸಂಜೆ ಭಾವನ ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಕಟ್ಟಿದ ಬ್ಯಾಗು ಪಕ್ಕದಲ್ಲೇ ಇತ್ತು, ಮಗಳು ಚಪ್ಪಲಿ ಮೆಟ್ಟಿಕೊಂಡಿದ್ದಳು. ಆದರೆ ಹೆಂಡತಿಯ ಮುಖ ಕಲ್ಲಾಗಿತ್ತು.

"ಎದುರುಮನೆ ಕಂಡಕ್ಟರು ಫೋನ್ ಮಾಡಿದ್ರು. ಹಲ್ಲು ಕೀಳಿಸಿದ ನೋವಿಗೆ ನೀವು ಬಾರಿಗೆ ಹೋಗಿದ್ದನ್ನ ಕಣ್ಣಾರೆ ಕಂಡರಂತೆ."

"ಹಭೆಗೇ ಹೋಗಿದ್ದೆ ಕಣೇ, ಅದು ಬಾರಿನ ಮೇಲೇ ಇದೆ," ಎಂದ. ನಾಲಿಗೆ ಇನ್ನೂ ಹಿಡಿತಕ್ಕೆ ಬಂದಿರಲಿಲ್ಲ.

"ಮಾತೇ ತೊದಲುತ್ತಿದೆ! ಸಭೇಲಿ ನಿಮ್ಮನ್ನ ನೋಡಿದೋರು ಒಬ್ಬರ ಹೆಸರು ಹೇಳಿ, ಸಾಕು. ಈಗಲೇ ಬರ್ತೀನಿ."

ಅವನು ಅವಳ ಹಿಂದೆ ನಿಂತಿದ್ದ ಭಾವನನ್ನು ನೋಡಿದ. ಭಾವ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಒಂದು ಮಾತು ಆಡಿದರೆ ಹೆಂಡತಿ, ಮಗಳು ಇಬ್ಬರೂ ಸಿಗುತ್ತಿದ್ದರು.

"ಯಾರೂ... ನೋಡ್ಲಿಲ್ಲ."

"ನೋಡಿ ನಮ್ಮಣ್ಣನ್ನ!" ಅವಳಿಗೆ ಅಳು ಒತ್ತರಿಸಿತು. "ಒಂದು ದಿನ ಮುಟ್ಟಿದೋರಲ್ಲ. ಅವರ ಕಾಲು ತೊಳೆದು ನೀರು ಕುಡೀರಿ!" ಮಗಳ ಕೈಹಿಡಿದು ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

ಅವನು ಗೇಟಿನ ಹೊರಗೆ ನಿಂತ. ಹಲ್ಲಿನ ಗುಳಿ ನೋಯತೊಡಗಿತ್ತು. ಇಡೀ ದಿನ ಬಾರದಿದ್ದ ಕುಡಿಯುವ ಆಸೆ ಈಗ ಎದ್ದು ಬಂತು. ಕಾಲುಗಳು ಬಾರಿನ ಕಡೆಯ ತಿರುವಿನತ್ತ ತಾವಾಗಿಯೇ ಹೆಜ್ಜೆ ಹಾಕಿದವು. ಗಾರ್ಡರ ಮಾತು ನೆನಪಾಗಿ ಫೋನ್ ಒತ್ತಿದ. ತೆರೆದ ಕಿಟಕಿಯೊಳಗೆ ರಿಂಗಾಯಿತು.

"ಭಾವ, ನಾನು. ಈಗ ಕುಡೀಬೇಕು ಅನ್ನಿಸ್ತಿದೆ. ಏನಾದ್ರೂ ಮಾತಾಡಿ."

ಅತ್ತ ಕಡೆ ಬಳೆಗಳ ಸದ್ದಾಯಿತು. ಆಮೇಲೆ ಹೆಂಡತಿಯ ದನಿ. "ಯಾರಣ್ಣ ಅದು?"

"ಯಾರೋ ಕುಡುಕ ಕಣಮ್ಮ. ರಾಂಗ್ ನಂಬರ್."