ಚೀನಾದ ಮಹಾರಾಣಿಗೆ ಭಾವನ ಮಾತು

ಚೀನಾ ಭಾಷೆಯ ಒಂದಕ್ಷರವೂ ಬಾರದೆ ಅಲ್ಲಿನ ಅರಮನೆಗಳ ಜಗಳವನ್ನೆಲ್ಲ ಬಲ್ಲವರು ಇಡೀ ಕುವೈತಿನಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಭಾವ, ಎಂದರೆ ನಮ್ಮವರ ಅಣ್ಣ.

ಫಹಾಹೀಲಿನಲ್ಲಿ ಒಂಟಿಯಾಗಿರುವ ಭಾವ ಶುಕ್ರವಾರದ ರಜೆಗೆ ಬಸ್ಸು ಹಿಡಿದು ಖೈತಾನಿನ ನಮ್ಮ ಮನೆಗೆ ಬರುತ್ತಾರೆ. ನಾನು ದೀಪ ಹಚ್ಚಿ ಭಜನೆ ಮುಗಿಸಿದ ಕೂಡಲೇ ನಮ್ಮವರು ಚೀನಾದ ಚರಿತ್ರೆಯ ಸಿನಿಮಾ ಹಾಕುತ್ತಾರೆ. ಅವರಿಗೆ ಕುದುರೆ, ಕೋಟೆ, ರೇಷ್ಮೆಯ ಬಾವುಟ ಇದ್ದರೆ ಅನ್ನವೂ ಬೇಡ. ಅದಕ್ಕೆಂದೇ ಗೋಡೆಯಗಲದ ಟಿವಿ ತಂದರು. ನನ್ನ ದೇವರ ಮಂಟಪ ಅಡುಗೆಮನೆಗೆ ಹೋಯಿತು. ಇರಲಿ, ಈಗ ಒಗ್ಗರಣೆ ಹಾಕುವಾಗಲೂ ದೇವರು ಕಣ್ಣೆದುರೇ ಇರುತ್ತಾನೆ.

ಭಾವ ಕೂತವರೇ ರಿಮೋಟ್ ಎತ್ತಿಕೊಂಡು ಟಿವಿಯ ಸ್ವರ ನಿಲ್ಲಿಸುತ್ತಾರೆ! ಊರಿನಲ್ಲಿ ಅವರು ಯಕ್ಷಗಾನ ತಾಳಮದ್ದಲೆಯ ಅರ್ಥಧಾರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆಯುಟ್ಟು ಕೂತವನು ಬರೀ ಮಾತಿನಲ್ಲಿ ಕೌರವನಾಗಬೇಕು. ಅಂಥವರಿಗೆ ಈ ಸಿನಿಮಾ ಹಿಡಿಸೀತೇ?

"ಅಣ್ಣ, ಕುದುರೆ ನೋಡ್ಲಿಕ್ಕಾದ್ರೂ ಬಿಡು."

"ಕುದುರೆ ಓಡ್ತಾ ಉಂಟು, ಸರಿ. ಯಾಕೆ ಓಡ್ತೇನೆ ಅಂತ ಅದಕ್ಕೇ ಗೊತ್ತಿಲ್ಲ ಮಾರಾಯ. ಬರೀ ವೇಷ. ಕಥೆ ನಾನು ಹೇಳ್ತೇನೆ, ಕೇಳು."

ಮಹಾರಾಣಿ ಉದ್ದದ ಕೆಂಪು ಸೆರಗೆಳೆಯುತ್ತ ಅರಮನೆಯ ಮೆಟ್ಟಿಲು ಹತ್ತುತ್ತಲೇ ಇರುತ್ತಾಳೆ. ಭಾವ ಅವಳಾಗುತ್ತಾರೆ: "ಎಲೈ ರಾಜನೇ, ಇಷ್ಟು ಮೆಟ್ಟಿಲು ಕಟ್ಟಿಸಿದವನಿಗೆ ನಡುವೆ ಕೂರಲು ಒಂದು ಜಗಲಿ ಕಟ್ಟಿಸಲು ತೋಚಲಿಲ್ಲವೇ?" ತೆರೆಯ ಮೇಲೆ ರಾಜ ಗಡ್ಡ ನೀವಿಕೊಳ್ಳುತ್ತಾನೆ. ಪಾಪ, ಏನು ಹೇಳಿಯಾನು?

ಇನ್ನೊಮ್ಮೆ ಇಬ್ಬರು ಶತ್ರುಗಳನ್ನು ಅಗಲಿದ ಅಣ್ಣತಮ್ಮಂದಿರನ್ನಾಗಿ ಮಾಡಿ ನನ್ನನ್ನು ಅಳಿಸಿಬಿಟ್ಟರು. ನಮ್ಮವರು ತೆರೆಯ ಕೆಳಗಿನ ಇಂಗ್ಲಿಷ್ ಅಕ್ಷರ ಓದಿ, "ಅಣ್ಣ, ಅವರು ಅಪ್ಪ ಮಗ" ಎಂದರು.

"ಅದು ಸಿನಿಮಾದವರ ತಪ್ಪು" ಎಂದರು ಭಾವ.

ಅಂಥ ಭಾವನ ಗಂಟಲಿನಲ್ಲಿ ಗಂಟು ಕಾಣಿಸಿತು. ಜಾಬ್ರಿಯಾದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಗಣಪತಿಗೆ ಬೆಲ್ಲದ ಅಪ್ಪ ಮಾಡುವ ಹರಕೆ ಹೊತ್ತೆ. ಗಂಟು ಕೆಟ್ಟದ್ದಲ್ಲವೆಂದು ರಿಪೋರ್ಟ್ ಬಂತು. ಆದರೂ ಅಪ್ಪಕ್ಕೆ ಅವಸರ ಮಾಡಲಿಲ್ಲ. ನಾನು ಹರಕೆ ಹೊತ್ತದ್ದು ಭಾವನ ಸ್ವರ ಮರಳಲೆಂದು. ಕೆಲವು ವಾರ ಕಳೆದು ಡಾಕ್ಟರು, "ಇನ್ನು ಮೆಲ್ಲ ಮಾತಾಡಬಹುದು" ಎಂದರು. ಭಾವ ಬಾಯಿ ತೆರೆಯಲಿಲ್ಲ. ಕೇಳಿದರೆ ಗಂಟಲು ಮುಟ್ಟಿಕೊಂಡು ತಲೆಯಾಡಿಸುವರು. ತೆರೆದ ಬಾಯಿಯಿಂದ ಸ್ವರವೇ ಬಾರದಿದ್ದರೆ ಎಂಬ ಹೆದರಿಕೆ ಅದು.

ಮುಂದಿನ ಶುಕ್ರವಾರ ಭಾವ ರಿಮೋಟ್ ಮುಟ್ಟಲಿಲ್ಲ. ಟಿವಿ ತನ್ನದೇ ಸ್ವರದಲ್ಲಿ ಗುಡುಗಿತು. ಕೊನೆಗೂ ನಮ್ಮವರು ನೆಮ್ಮದಿಯಾಗಿ ಕುದುರೆ ನೋಡಬಹುದಿತ್ತು. ಅವರಿಗೆ ಕೂರಲಾಗಲಿಲ್ಲ. ಕಡೆಗೆ ತಾವೇ ಸ್ವರ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡರು.

"ರಾಣಿ ಹೇಳ್ತಾಳೆ... ರಾಜನೇ, ಊಟ ಆಯ್ತಾ?"

ರಾಣಿ ಆಗ ರಾಜನ ಕುತ್ತಿಗೆಗೆ ಕತ್ತಿ ಹಿಡಿದಿದ್ದಳು. ಭಾವ ಹಣೆ ಹಿಡಿದುಕೊಂಡರು. ನಮ್ಮವರು ಬಿಡಲಿಲ್ಲ.

"ರಾಜ ಹೇಳ್ತಾನೆ... ಆಯ್ತು. ನಿಂದು?"

"ಕತ್ತಿ ಹಿಡಿದವಳು ಊಟ ಕೇಳ್ತಾಳಾ ಮಾರಾಯ?"

ಕಾಯಿ ತುರಿದಂಥ ಸ್ವರ. ಆದರೆ ಭಾವನದೇ.

ನಮ್ಮವರು ತಿರುಗಿ ನೋಡಲಿಲ್ಲ. ರಿಮೋಟನ್ನು ಅಣ್ಣನ ಮಡಿಲಿಗಿಟ್ಟು, "ಮತ್ತೆ ಎಂತ ಕೇಳ್ತಾಳೆ? ನೀನೇ ಹೇಳು" ಎಂದರು. ತೆರೆಯ ತುಂಬ ಕುದುರೆಗಳು ಓಡಿದವು. ನಮ್ಮವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ನಾನು ಎದ್ದು ಅಡುಗೆಮನೆಗೆ ಹೋದೆ. ಹರಕೆಯ ಅಪ್ಪಕ್ಕೆ ಬೆಲ್ಲ ಕರಗಿಸಬೇಕಿತ್ತು.